ರಸಾಯನ ಮೂಲಿಕೆಗಳ ಗುರುತು ಮತ್ತು ಗುಣ: ಜಾವಗಲ್ ಪರಿಸರದ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕಿಗೆ ಸೇರಿದ ಜಾವಗಲ್ ಇತಿಹಾಸದ ವಿದ್ಯಾರ್ಥಿಗಳಿಗೆ ಪರಿಚಿತವಾಗಿರುವುದು ಅಲ್ಲಿಯ ಲಕ್ಷ್ಮೀನರಸಿಂಹ ದೇವಾಲಯದಿಂದ. 13ನೆಯ ಶತಮಾನದ ಈ ತ್ರಿಕೂಟಾಲಯದಲ್ಲಿ ಕೆಲಸ ಮಾಡಿದ ರೂವಾರಿಗಳಲ್ಲಿ ಮಲ್ಲಿತಮ್ಮನ ಹೆಸರು ಪ್ರಸಿದ್ಧವಾದುದು. ಆದರೆ ಗಿಡಮೂಲಿಕೆಗಳನ್ನು ಅರಸಿ ಬರುವವರಿಗೆ ಈ ಊರಿನ ಮಹತ್ತ್ವ ಅದರ ನೆಲೆಯಲ್ಲಿದೆ. ಇಲ್ಲಿಂದ ಪೂರ್ವಕ್ಕೆ ನಡೆದರೆ ರಾಗಿ ಹೊಲ, ತೆಂಗಿನ ತೋಟ, ಕಳ್ಳಿಬೇಲಿ, ಕುರುಚಲು ಗುಡ್ಡಗಳ ಬಯಲುಸೀಮೆ. ನೈಋತ್ಯಕ್ಕೆ ಹಳೇಬೀಡು ದಾಟಿ ಬೇಲೂರಿನತ್ತ ಸಾಗಿದರೆ ಮಳೆ ಹೆಚ್ಚುತ್ತ ಹೋಗಿ ಗದ್ದೆ, ಅಡಿಕೆ, ಕಾಫಿಯ ಮಲೆನಾಡು. ಒಂದು ದಿನದ ನಡಿಗೆಯೊಳಗೆ ಒಣನೆಲದ ಅಶ್ವಗಂಧವನ್ನೂ ತೇವದ ಬದುವಿನ ಒಂದೆಲಗವನ್ನೂ ಕಾಣಬಹುದಾದ ಸೀಮೆ ಇದು. ಫಾದರ್ ಸಿಸಿಲ್ ಸಲ್ಡಾನ ಮತ್ತು ಡ್ಯಾನ್ ನಿಕೋಲ್ಸನ್ ಅವರು 1976ರಲ್ಲಿ ಹೊರತಂದ ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಬೃಹದ್ಗ್ರಂಥವು ಜಿಲ್ಲೆಯ ಈ ಎರಡು ಮುಖಗಳನ್ನೂ ಒಂದೇ ಹೊದಿಕೆಯೊಳಗೆ ಹಿಡಿದಿಟ್ಟಿದೆ. ಒಂದು ಜಿಲ್ಲೆಯ ಗಿಡಗಳ ಬಗೆಗೆ ಅಷ್ಟು ಸಮಗ್ರವಾದ ಕೃತಿ ದೊರೆತದ್ದು ಕರ್ನಾಟಕದಲ್ಲಿ ವಿರಳ.

ದೇಹಕ್ಕೆ ಬಲ, ಮನಸ್ಸಿಗೆ ಚುರುಕು, ಆಯುಸ್ಸಿಗೆ ದೀರ್ಘತೆ ನೀಡುವವೆಂದು ಹೇಳಲಾಗುವ ಮೂಲಿಕೆಗಳನ್ನು ಆಯುರ್ವೇದವು ‘ರಸಾಯನ’ವೆಂದು ಕರೆಯುತ್ತದೆ. ಕನ್ನಡದಲ್ಲಿ ಈ ಪದಕ್ಕೆ ಒದಗಿದ ಗತಿ ಸ್ವಾರಸ್ಯಕರ. ಶಾಲೆಯಲ್ಲಿ ಅದು ಆಮ್ಲ ಪ್ರತ್ಯಾಮ್ಲಗಳ ಶಾಸ್ತ್ರ. ಹಬ್ಬದ ಮನೆಯಲ್ಲಿ ಬಾಳೆಹಣ್ಣು, ಬೆಲ್ಲ, ಕಾಯಿಹಾಲಿನ ಸಿಹಿ. ಹೊಲದಲ್ಲಿ ಚೀಲದ ಗೊಬ್ಬರ. ಮೂಲದ ಅರ್ಥ ಮಾತ್ರ ವೈದ್ಯರ ಪುಸ್ತಕಗಳಲ್ಲಿ ಉಳಿದಿದೆ. ಚರಕಸಂಹಿತೆಯ ಚಿಕಿತ್ಸಾಸ್ಥಾನವು ಆರಂಭವಾಗುವುದು ರಸಾಯನಾಧ್ಯಾಯದಿಂದಲೇ. ಔಷಧವು ಎರಡು ಬಗೆ, ಆರೋಗ್ಯವಂತನಿಗೆ ಓಜಸ್ಸನ್ನು ಕೊಡುವುದು ಒಂದು, ರೋಗಿಯ ರೋಗವನ್ನು ಕಳೆಯುವುದು ಇನ್ನೊಂದು ಎಂದು ಹೇಳಿ, ರಸಾಯನವನ್ನು ಮೊದಲ ಬಗೆಯಲ್ಲಿ ಚರಕನು ಇರಿಸುತ್ತಾನೆ.

ಇದಕ್ಕೆ ಸಮೀಪವಾದ ವಿಂಗಡಣೆ ಚೀನಾದ ವೈದ್ಯಪರಂಪರೆಯಲ್ಲೂ ಇದೆ. ಪುರಾಣಪುರುಷ ಶೆನ್‌ನಾಂಗ್‌ನ ಹೆಸರಿನಲ್ಲಿರುವ ಪ್ರಾಚೀನ ಮೂಲಿಕಾಗ್ರಂಥವು 365 ದ್ರವ್ಯಗಳನ್ನು ಮೂರು ದರ್ಜೆಗಳಲ್ಲಿ ವಿಂಗಡಿಸುತ್ತದೆ. ಮೇಲಿನ ದರ್ಜೆಯ 120 ದ್ರವ್ಯಗಳು ಆಯುಸ್ಸನ್ನು ಪೋಷಿಸುವಂಥವು, ದೀರ್ಘಕಾಲ ಸೇವಿಸಬಹುದಾದಂಥವು. ಕೆಳಗಿನ ದರ್ಜೆಯ 125 ರೋಗವನ್ನು ಹೊಡೆದಟ್ಟುವಂಥವು, ವಿಷದ ಅಂಶವುಳ್ಳವು. ನಡುವಿನ 120 ಎರಡಕ್ಕೂ ಸಲ್ಲುವಂಥವು. ಅನಂತರದ ಚೀನೀ ವೈದ್ಯರು ಬಲವರ್ಧಕಗಳನ್ನೇ ನಾಲ್ಕಾಗಿ ಒಡೆದರು: ಪ್ರಾಣಶಕ್ತಿಯನ್ನು ತುಂಬುವ ಜಿನ್‌ಸೆಂಗ್ ಮತ್ತು ಹುವಾಂಗ್‌ಚಿ, ರಕ್ತವನ್ನು ತುಂಬುವ ಡಾಂಗ್‌ಗ್ವೆ, ದೇಹದ ತಂಪನ್ನು ಕಾಯುವ ಗೋಜಿ ಹಣ್ಣು, ಬಿಸುಪನ್ನು ಕಾಯುವ ಇತರ ಕೆಲವು. ಅಂದರೆ ‘ಶಕ್ತಿಯ ಮದ್ದು’ ಎಂಬ ಒಂದೇ ಚೀಲ ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ. ಯಾರಿಗೆ ಏನು ಕಡಿಮೆಯಾಗಿದೆ ಎಂಬುದನ್ನು ನೋಡಿಯೇ ಏನನ್ನು ತುಂಬಬೇಕೆಂದು ತೀರ್ಮಾನಿಸುವುದು ಎರಡೂ ಪರಂಪರೆಗಳ ಕ್ರಮ. ಇಂದಿನ ಪೇಟೆಯಲ್ಲಿ ಡಬ್ಬಿಗಳಲ್ಲಿ ಮಾರಾಟವಾಗುವ ‘ರೋಗನಿರೋಧಕ ಶಕ್ತಿವರ್ಧಕ’ಗಳು ಮರೆತಿರುವುದು ಇದನ್ನೇ.

ಈ ಎರಡು ಪರಂಪರೆಗಳು ಪರಸ್ಪರ ಅಪರಿಚಿತವಾಗಿರಲಿಲ್ಲ. ಮಧ್ಯ ಏಷ್ಯಾದ ಕೂಚಾ ಎಂಬಲ್ಲಿ 1890ರಲ್ಲಿ ದೊರೆತ ಭೂರ್ಜಪತ್ರದ ಹಸ್ತಪ್ರತಿಯಲ್ಲಿ ಸಂಸ್ಕೃತ ವೈದ್ಯಪ್ರಯೋಗಗಳಿವೆ. ಬೌದ್ಧ ಭಿಕ್ಷುಗಳೂ ವರ್ತಕರೂ ನಡೆದ ದಾರಿಯಲ್ಲಿ ಅಳಲೆಕಾಯಿ ಚೀನಾವನ್ನು ಸೇರಿತು. ಅಲ್ಲಿ ಅದಕ್ಕಿದ್ದ ‘ಹೆ-ಲಿ-ಲೆ’ ಎಂಬ ಹಳೆಯ ಹೆಸರೇ ಅದು ಹೊರಗಿನಿಂದ ಬಂದುದೆಂದು ಸಾರುತ್ತದೆ. ನೆಲ್ಲಿ, ಹಿಪ್ಪಲಿ, ನೆಗ್ಗಿಲು, ಒಂದೆಲಗ ಇವೆಲ್ಲ ಚೀನೀ ಮೂಲಿಕಾಕೋಶಗಳಲ್ಲಿ ಇವೆ. ಆದರೆ ಗಿಡ ಒಂದೇ ಆದರೂ ಉಪಯೋಗ ಒಂದೇ ಅಲ್ಲ. ನಮ್ಮಲ್ಲಿ ಬುದ್ಧಿವರ್ಧಕವೆನಿಸಿದ ಒಂದೆಲಗವನ್ನು ಚೀನೀ ವೈದ್ಯರು ಮುಖ್ಯವಾಗಿ ಉಷ್ಣವನ್ನಿಳಿಸಲು, ಬಾವು ಕರಗಿಸಲು ಬಳಸುತ್ತಾರೆ.

ಕನ್ನಡ ವೈದ್ಯಸಾಹಿತ್ಯವು ಈ ವಿಷಯದಲ್ಲಿ ತನ್ನದೇ ಒಂದು ಮಾತನ್ನು ಹೇಳಿದೆ. ರಾಷ್ಟ್ರಕೂಟರ ಕಾಲದಲ್ಲಿ ಉಗ್ರಾದಿತ್ಯಾಚಾರ್ಯನು ಸಂಸ್ಕೃತದಲ್ಲಿ ‘ಕಲ್ಯಾಣಕಾರಕ’ವನ್ನು ಬರೆದನು, 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಕೃತಿಯನ್ನನುಸರಿಸಿ ಕನ್ನಡದಲ್ಲಿ ‘ಕರ್ಣಾಟಕ ಕಲ್ಯಾಣಕಾರಕ’ವನ್ನು ರಚಿಸಿದನು. ಜೈನಧರ್ಮದ ಅಹಿಂಸೆಗೆ ಬದ್ಧರಾದ ಈ ಪರಂಪರೆಯವರು ಮದ್ಯ, ಮಾಂಸ, ಮಧುಗಳನ್ನು ಚಿಕಿತ್ಸೆಯಿಂದ ಹೊರಗಿಟ್ಟರು. ಚರಕನ ರಸಾಯನ ಪ್ರಯೋಗಗಳಲ್ಲಿ ಜೇನು ತುಪ್ಪಗಳ ಪಾತ್ರ ಎಷ್ಟು ದೊಡ್ಡದೆಂಬುದನ್ನು ಬಲ್ಲವರಿಗೆ ಇದು ಸಣ್ಣ ಬದಲಾವಣೆಯಲ್ಲವೆಂಬುದು ತಿಳಿಯುತ್ತದೆ. ಶಾಸ್ತ್ರವನ್ನು ನೆಲಕ್ಕೂ ಜನಕ್ಕೂ ಒಗ್ಗಿಸಿಕೊಳ್ಳುವ ಈ ಸ್ವಾತಂತ್ರ್ಯವನ್ನು ನಮ್ಮ ವೈದ್ಯರು ಎಂದೂ ಬಿಟ್ಟುಕೊಟ್ಟಿರಲಿಲ್ಲ.

ಒಗ್ಗಿಸಿಕೊಳ್ಳುವಿಕೆಯ ಇನ್ನೂ ಸ್ಪಷ್ಟವಾದ ನಿದರ್ಶನ ಅಷ್ಟವರ್ಗದ್ದು. ಚ್ಯವನಪ್ರಾಶದಂತಹ ರಸಾಯನಗಳಿಗೆ ಬೇಕಾದ ಜೀವಕ, ಋಷಭಕ, ಮೇದಾ, ಮಹಾಮೇದಾ, ಕಾಕೋಲಿ, ಕ್ಷೀರಕಾಕೋಲಿ, ಋದ್ಧಿ, ವೃದ್ಧಿ ಎಂಬ ಎಂಟು ಮೂಲಿಕೆಗಳು ಹಿಮಾಲಯದವು; ದೊರಕುವುದು ಕಷ್ಟ. 16ನೆಯ ಶತಮಾನದ ಭಾವಪ್ರಕಾಶವು ಇವಕ್ಕೆ ಬದಲಿಗಳನ್ನು ಸೂಚಿಸಿತು: ಎರಡು ಮೇದಾಗಳ ಬದಲು ಶತಾವರಿ, ಎರಡು ಕಾಕೋಲಿಗಳ ಬದಲು ಅಶ್ವಗಂಧ, ಜೀವಕ ಋಷಭಕಗಳ ಬದಲು ವಿದಾರಿ, ಋದ್ಧಿ ವೃದ್ಧಿಗಳ ಬದಲು ವಾರಾಹಿ. ಹಿಮಶಿಖರಗಳ ಗಡ್ಡೆಗಳ ಸ್ಥಾನದಲ್ಲಿ ಬಯಲುಸೀಮೆಯ ಬೇಲಿಬದಿಯ ಬೇರುಗಳು ಬಂದು ಕುಳಿತದ್ದು ಹೀಗೆ. ಜಾವಗಲ್ ಸುತ್ತಿನಂತಹ ಒಣನೆಲದ ಗಿಡಗಳಿಗೆ ಶಾಸ್ತ್ರದಲ್ಲಿ ದೊರೆತ ಮನ್ನಣೆಯೆಂದೇ ಇದನ್ನು ಪರಿಗಣಿಸಬಹುದು.

ಅವುಗಳಲ್ಲಿ ಮೊದಲು ಹೆಸರಿಸಬೇಕಾದದ್ದು ಅಶ್ವಗಂಧ. ಕನ್ನಡದಲ್ಲಿ ಹಿರೇಮದ್ದು, ಅಂಗರಬೇರು ಎಂಬ ಹೆಸರುಗಳುಂಟು. ಬದನೆಯ ಕುಟುಂಬಕ್ಕೆ ಸೇರಿದ ಈ ಗಿಡಕ್ಕೆ ಸಸ್ಯಶಾಸ್ತ್ರದಲ್ಲಿ ವಿಥೇನಿಯಾ ಸೋಮ್ನಿಫೆರಾ ಎಂದು ಹೆಸರು. ಎರಡನೆಯ ಪದದ ಅರ್ಥ ‘ನಿದ್ರೆ ತರುವುದು’ ಎಂದು. ಹಸಿ ಬೇರಿಗೆ ಕುದುರೆಯ ವಾಸನೆ ಇರುವುದರಿಂದ ಸಂಸ್ಕೃತದ ಹೆಸರು. ಬೇರಿನ ಪುಡಿಯನ್ನು ಹಾಲಿನೊಡನೆ ಸೇವಿಸುವುದು, ತುಪ್ಪ ಬೆಲ್ಲಗಳೊಡನೆ ಲೇಹ ಮಾಡುವುದು ರೂಢಿ. ನಿದ್ರಾಹೀನತೆ, ನರಗಳ ದೌರ್ಬಲ್ಯ, ರೋಗದಿಂದ ಎದ್ದವರ ಕೃಶತೆ ಇವು ಅದರ ಪಾರಂಪರಿಕ ಕ್ಷೇತ್ರ. ಇತ್ತೀಚಿನ ಸಂಶೋಧನೆಗಳು ಇದರಲ್ಲಿ ಒಂದಂಶವನ್ನು ಪುಷ್ಟೀಕರಿಸಿವೆ. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮಾನಸಿಕ ಒತ್ತಡಕ್ಕೊಳಗಾದ 64 ಮಂದಿಯಲ್ಲಿ ಒಂದು ಗುಂಪಿಗೆ ಬೇರಿನ ಸಾರವನ್ನು 300 ಮಿಲಿಗ್ರಾಂನಂತೆ ದಿನಕ್ಕೆರಡು ಬಾರಿ 60 ದಿನ ಕೊಡಲಾಯಿತು. ಹುಸಿಗುಳಿಗೆ ಪಡೆದವರಿಗಿಂತ ಅವರಲ್ಲಿ ಒತ್ತಡದ ಲಕ್ಷಣಗಳೂ ರಕ್ತದ ಕಾರ್ಟಿಸಾಲ್ ಪ್ರಮಾಣವೂ ಇಳಿದವು. ಅನಂತರದ ಹಲವು ಸಣ್ಣ ಅಧ್ಯಯನಗಳು ನಿದ್ರೆಯ ವಿಷಯದಲ್ಲೂ ಅನುಕೂಲ ಫಲ ನೀಡಿವೆ. ಸಣ್ಣವು ಎಂಬ ಮಾತನ್ನು ಒತ್ತಿ ಹೇಳಬೇಕಾಗಿದೆ. ಎರಡು ಮೂರು ತಿಂಗಳ ಪ್ರಯೋಗದಿಂದ ಆಯುಷ್ಯವರ್ಧನೆ ಸಿದ್ಧವಾಗುವುದಿಲ್ಲ.

ಅಶ್ವಗಂಧಕ್ಕೆ ‘ಭಾರತದ ಜಿನ್‌ಸೆಂಗ್’ ಎಂಬ ಬಿರುದನ್ನು ವ್ಯಾಪಾರವು ಅಂಟಿಸಿದೆ. ಸಸ್ಯಶಾಸ್ತ್ರದ ಪ್ರಕಾರ ಎರಡಕ್ಕೂ ಯಾವ ನಂಟೂ ಇಲ್ಲ. ಮನುಷ್ಯಾಕಾರದ ಬೇರಿನಿಂದಾಗಿ ‘ರೆನ್‌ಶೆನ್’ ಎಂದು ಹೆಸರಾದ ಜಿನ್‌ಸೆಂಗ್ ತಂಪು ಕಾಡುಗಳ ನೆರಳಿನಲ್ಲಿ ವರ್ಷಗಟ್ಟಲೆ ಬೆಳೆಯುವ ಬೇರೊಂದು ಕುಟುಂಬದ ಸಸ್ಯ. ಅದರ ಸತ್ತ್ವಗಳಾದ ಜಿನ್‌ಸೆನೊಸೈಡುಗಳು ಬೇರೆ, ಅಶ್ವಗಂಧದ ವಿಥೆನೊಲೈಡುಗಳು ಬೇರೆ. ಸೋವಿಯತ್ ವಿಜ್ಞಾನಿ ಲಾಜರೆವ್ 1947ರಲ್ಲಿ ಟಂಕಿಸಿದ ‘ಅಡಾಪ್ಟೊಜೆನ್’, ಅಂದರೆ ದೇಹವು ಒತ್ತಡಕ್ಕೆ ಹೊಂದಿಕೊಳ್ಳಲು ನೆರವಾಗುವ ದ್ರವ್ಯ, ಎಂಬ ಪದವು ಎರಡನ್ನೂ ಒಂದೇ ಕಪಾಟಿಗೆ ಸೇರಿಸಿತು. ಚೀನೀ ವೈದ್ಯನಾದರೋ ಜಿನ್‌ಸೆಂಗ್ ಅನ್ನು ಕುಸಿದ ಪ್ರಾಣಶಕ್ತಿಯನ್ನು ಎತ್ತಲು ಕೊಡುತ್ತಾನೆ. ನಮ್ಮ ವೈದ್ಯರು ಅಶ್ವಗಂಧವನ್ನು ಕೆರಳಿದ ವಾತವನ್ನು ತಣಿಸಿ ನಿದ್ರೆ ತರಿಸಲು ಕೊಡುತ್ತಾರೆ.

ಶತಾವರಿಯ ವಿಷಯದಲ್ಲಿ ಹೋಲಿಕೆ ನಿಜವಾದದ್ದು. ಕನ್ನಡಿಗರು ಇದನ್ನು ಆಷಾಢಿ ಬೇರು, ಮಜ್ಜಿಗೆ ಗಡ್ಡೆ, ಹಲವು ಮಕ್ಕಳ ತಾಯಿ ಬೇರು ಎಂದೆಲ್ಲ ಕರೆಯುತ್ತಾರೆ. ಕೊನೆಯ ಹೆಸರಿಗೆ ಬುಡದಲ್ಲಿ ಗೊಂಚಲು ಗೊಂಚಲಾಗಿ ಇಳಿಬಿದ್ದ ಗಡ್ಡೆಬೇರುಗಳೇ ಕಾರಣ. ಬಾಣಂತಿಯರ ಎದೆಹಾಲನ್ನು ಹೆಚ್ಚಿಸುವ ಮದ್ದೆಂಬ ಖ್ಯಾತಿಯೂ ಆ ಹೆಸರಿನೊಳಗೆ ಬೆರೆತಿರಬೇಕು. ಇದೇ ಆಸ್ಪರಾಗಸ್ ಕುಲದ ಇನ್ನೊಂದು ಪ್ರಭೇದದ ಬೇರನ್ನು ಚೀನೀಯರು ‘ಟಿಯನ್‌ಮೆನ್‌ಡಾಂಗ್’ ಎಂಬ ಹೆಸರಿನಲ್ಲಿ ಒಣಕೆಮ್ಮು, ಬಾಯಾರಿಕೆ, ದೇಹದ ಶುಷ್ಕತೆಗಳಿಗೆ ಬಳಸುತ್ತಾರೆ. ತಂಪು, ಸ್ನಿಗ್ಧತೆ, ಪೋಷಣೆ ಎಂಬ ಗುಣಗಳನ್ನು ಸಾವಿರಾರು ಮೈಲಿ ದೂರದ ಎರಡು ಜನಸಮುದಾಯಗಳು ಒಂದೇ ಕುಲದ ಗಡ್ಡೆಗಳಲ್ಲಿ ಕಂಡವು. ಸಿಪ್ಪೆ ಸುಲಿದ ಈ ಬೇರನ್ನು ಬೆರಳುಗಳ ನಡುವೆ ಒತ್ತಿದವರಿಗೆ ಲೋಳೆಯ ಅನುಭವವಾಗುತ್ತದೆ. ಇಬ್ಬರ ತೀರ್ಮಾನವೂ ಅಲ್ಲಿಂದಲೇ ಹೊರಟಿರಬಹುದು.

ಬೇಲೂರಿನತ್ತ ಗದ್ದೆಬದುಗಳಲ್ಲಿ, ತೋಟದ ಕಾಲುವೆಯಂಚಿನಲ್ಲಿ ಹಬ್ಬುವ ಒಂದೆಲಗವು ಔಷಧಕ್ಕಿಂತ ಹೆಚ್ಚಾಗಿ ಅಡುಗೆಯ ಸೊಪ್ಪು. ತೆಂಗಿನಕಾಯಿ, ಜೀರಿಗೆ, ಮೆಣಸಿನೊಡನೆ ಅರೆದು ಮಜ್ಜಿಗೆ ಬೆರೆಸಿದ ತಂಬುಳಿಯನ್ನು ಮಲೆನಾಡಿನ ಮನೆಗಳಲ್ಲಿ ಮೊದಲ ತುತ್ತಿಗೇ ಬಡಿಸುವುದುಂಟು. ಚರಕನು ಬುದ್ಧಿಗೆ ಹಿತವಾದ ನಾಲ್ಕು ರಸಾಯನಗಳನ್ನು ಹೇಳಿದ್ದಾನೆ: ಮಂಡೂಕಪರ್ಣಿಯ ರಸ, ಹಾಲಿನೊಡನೆ ಜ್ಯೇಷ್ಠಮಧುವಿನ ಪುಡಿ, ಅಮೃತಬಳ್ಳಿಯ ರಸ, ಶಂಖಪುಷ್ಪಿಯ ಕಲ್ಕ. ಮಂಡೂಕಪರ್ಣಿಯೆಂದರೆ ಒಂದೆಲಗವೆಂದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ತೊಡಕು ಆರಂಭವಾಗುವುದು ‘ಬ್ರಾಹ್ಮಿ’ ಎಂಬ ಹೆಸರಿನಿಂದ. ಕರ್ನಾಟಕದ ಬಹುಭಾಗದಲ್ಲಿ ಬ್ರಾಹ್ಮಿಯೆಂದರೆ ಒಂದೆಲಗವೇ. ಆಯುರ್ವೇದದ ಅಧಿಕೃತ ಕೋಶಗಳಲ್ಲಾದರೋ ಬ್ರಾಹ್ಮಿಯು ನೀರುಬ್ರಾಹ್ಮಿ, ಅಂದರೆ ಬಕೋಪಾ ಮೊನ್ನಿಯೆರಿ ಎಂಬ ಸಂಪೂರ್ಣ ಬೇರೆ ಗಿಡ. ಸ್ಮರಣಶಕ್ತಿಯ ಬಗೆಗೆ ನಡೆದಿರುವ ಆಧುನಿಕ ಪ್ರಯೋಗಗಳಲ್ಲಿ ಮುಖ್ಯವಾದವು ಈ ಎರಡನೆಯದರ ಮೇಲೆ ನಡೆದವು. ಅವುಗಳ ಫಲಿತಾಂಶವನ್ನು ಓದಿ ಒಂದೆಲಗವನ್ನು ತಿನ್ನುವವರು ಒಬ್ಬರ ಹೆಸರಿಗೆ ಬಂದ ಕಾಗದವನ್ನು ಇನ್ನೊಬ್ಬರ ಮನೆಗೆ ತಲುಪಿಸಿದಂತೆ. ಶಂಖಪುಷ್ಪಿಯದು ಇನ್ನೂ ಗೋಜಲು: ಉತ್ತರದಲ್ಲಿ ಒಂದು ಗಿಡ, ದಕ್ಷಿಣದಲ್ಲಿ ಬೇಲಿಯ ಮೇಲಿನ ನೀಲಿ ಶಂಖಪುಷ್ಪದ ಬಳ್ಳಿ, ಕೆಲವೆಡೆ ವಿಷ್ಣುಕ್ರಾಂತಿ.

ಹೆಸರಿನ ಗೊಂದಲವು ಪಂಡಿತರ ಚರ್ಚೆಗಷ್ಟೇ ಸೀಮಿತವಾದ ವಿಷಯವೆಂದು ತಿಳಿಯಬಾರದು. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ಮೈ ಇಳಿಸುವ ಗುಳಿಗೆಗಳನ್ನು ಸೇವಿಸಿದ ಹಲವಾರು ಮಹಿಳೆಯರ ಮೂತ್ರಪಿಂಡಗಳು ವಿಫಲವಾದವು. ‘ಫಾಂಗ್‌ಜಿ’ ಎಂಬ ಒಂದೇ ಹೆಸರಿನ ಭಾಗಿಗಳಾದ ಎರಡು ಚೀನೀ ಬೇರುಗಳಲ್ಲಿ ನಿರಪಾಯವಾದ ಸ್ಟೀಫೇನಿಯಾದ ಬದಲು ಈಶ್ವರೀಬೇರಿನ ಕುಲದ ವಿಷಕಾರಿ ಬೇರು ಗುಳಿಗೆಯೊಳಗೆ ಸೇರಿದ್ದೇ ಅದಕ್ಕೆ ಕಾರಣವಾಗಿತ್ತು. ಅಂತಹ ಪ್ರಶ್ನೆ ನಮ್ಮ ಅಂಗಳಕ್ಕೂ ಬಂದದ್ದು ಅಮೃತಬಳ್ಳಿಯ ಮೂಲಕ.

ಬೇವಿನ ಮರವನ್ನೋ ಕಳ್ಳಿಬೇಲಿಯನ್ನೋ ಹಬ್ಬಿ ಬೆಳೆಯುವ ಅಮೃತಬಳ್ಳಿಯು ಬಯಲುಸೀಮೆಯ ಪ್ರತಿ ಊರಿಗೂ ಚಿರಪರಿಚಿತ. ಕಡಿದು ಎಸೆದರೂ ಕಾಂಡದಿಂದ ಗಾಳಿಬೇರು ಇಳಿಬಿಟ್ಟು ಮತ್ತೆ ಚಿಗುರುವುದರಿಂದ ಆ ಹೆಸರು ಅನ್ವರ್ಥ. ಚರಕನು ವಯಸ್ಸನ್ನು ತಡೆದು ನಿಲ್ಲಿಸುವವೆಂದು ಹೇಳುವ ಹತ್ತು ದ್ರವ್ಯಗಳಲ್ಲಿ ಅಳಲೆ, ನೆಲ್ಲಿ, ಒಂದೆಲಗ, ಕೊಮ್ಮೆಗಳ ಜೊತೆಗೆ ಇದೂ ಸೇರಿದೆ. ಹಳೆಯ ಜ್ವರಗಳಿಗೆ ಬೆರಳುಗಾತ್ರದ ಕಾಂಡವನ್ನು ಜಜ್ಜಿ ಕಷಾಯ ಮಾಡಿ ಕೆಲವು ದಿನ ಕುಡಿಸುತ್ತಿದ್ದರು. ‘ಕೆಲವು ದಿನ’ ಎಂಬ ಮಿತಿಯು 2020 ಮತ್ತು 2021ರ ಕೊರೋನಾ ಕಾಲದಲ್ಲಿ ಕಳಚಿಬಿದ್ದಿತು. ಜ್ವರವಿಲ್ಲದವರೂ ತಿಂಗಳುಗಟ್ಟಲೆ ನಿತ್ಯ ಕುಡಿದರು. ಆಗ ಮುಂಬಯಿಯ ವೈದ್ಯರು ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಯಕೃತ್ತಿನ ಉರಿಯೂತವನ್ನು ಗುರುತಿಸಿದರು. 2022ರಲ್ಲಿ ದೇಶದ ಹಲವು ಕೇಂದ್ರಗಳ ವೈದ್ಯರು ಸೇರಿ ಇಂತಹ 43 ರೋಗಿಗಳ ವಿವರವನ್ನು ಪ್ರಕಟಿಸಿದರು. ಅನೇಕರಲ್ಲಿ ಕಂಡದ್ದು ದೇಹದ ರೋಗನಿರೋಧಕ ವ್ಯವಸ್ಥೆಯೇ ತನ್ನ ಯಕೃತ್ತಿನ ಮೇಲೆ ತಿರುಗಿಬಿದ್ದಂತಹ ಲಕ್ಷಣ. ನಿರೋಧಶಕ್ತಿಯನ್ನು ಕೆರಳಿಸುವ ಮೂಲಿಕೆಯು ಅದಾಗಲೇ ಕೆರಳಲು ಸಿದ್ಧವಾಗಿರುವ ದೇಹದಲ್ಲಿ ಹೀಗೆ ವರ್ತಿಸುವುದು ಅಸಂಭವವೇನಲ್ಲ.

ಆಯುಷ್ ಸಚಿವಾಲಯವು ಇದನ್ನೊಪ್ಪಲಿಲ್ಲ. ನಿಜವಾದ ಅಮೃತಬಳ್ಳಿ, ಅಂದರೆ ಟಿನೋಸ್ಪೊರ ಕಾರ್ಡಿಫೋಲಿಯಾ, ನಿರಪಾಯವೆಂದೂ ಅದರಂತೆ ತೋರುವ ಟಿನೋಸ್ಪೊರ ಕ್ರಿಸ್ಪಾದಂತಹ ಬಳ್ಳಿಗಳು ಹಾನಿಕರವಾಗಬಹುದೆಂದೂ 2022ರಲ್ಲಿ ಸ್ಪಷ್ಟೀಕರಣ ನೀಡಿತು. ವಿವಾದ ಮುಗಿದಿಲ್ಲ. ಆದರೆ ಬೇಲಿಯ ಬಳ್ಳಿಯನ್ನು ಕೊಯ್ಯುವವರಿಗೆ ಗುರುತು ತಿಳಿದಿರುವುದು ಒಳ್ಳೆಯದು. ಅಮೃತಬಳ್ಳಿಯ ಎಲೆ ಹೃದಯಾಕಾರದ್ದು, ನುಣುಪು. ಕಾಂಡದ ಹೊರಸಿಪ್ಪೆ ತೆಳುಕಾಗದದಂತೆ ಸುಲಿಯುತ್ತದೆ, ಒಳಗೆ ಹಸಿರು. ಅಡ್ಡ ಕೊಯ್ದರೆ ಚಕ್ರದ ಅರೆಗಳಂತಹ ಗೆರೆಗಳು. ಕ್ರಿಸ್ಪಾದ ಕಾಂಡವು ದಟ್ಟವಾದ ಗಂಟುಗಳಿಂದ ಕೂಡಿ ಒರಟಾಗಿರುತ್ತದೆ. ಎಲೆಯ ಅಡಿ ರೋಮಮಯವಾದ ಇನ್ನೊಂದು ಪ್ರಭೇದವೂ ದಕ್ಷಿಣದಲ್ಲಿ ಇದೆ. ಪುಡಿಯಾಗಿ ಡಬ್ಬಿ ಸೇರಿದ ಮೇಲೆ ಈ ಗುರುತುಗಳಲ್ಲಿ ಒಂದೂ ಉಳಿಯುವುದಿಲ್ಲ. ಗುರುತು ಸರಿಯಿದ್ದರೂ ಅಳತೆ ಮತ್ತು ಅವಧಿಯ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಯಕೃತ್ತಿನ ರೋಗವಿರುವವರು, ಸ್ವನಿರೋಧಕ ಕಾಯಿಲೆಗಳುಳ್ಳವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟದಿರುವುದೇ ಲೇಸು. ಅಶ್ವಗಂಧದ ವಿಷಯದಲ್ಲೂ ಯಕೃತ್ತಿನ ತೊಂದರೆಯ ವರದಿಗಳು ವಿವಿಧ ದೇಶಗಳಿಂದ ಬಂದಿವೆ. 2023ರಲ್ಲಿ ಡೆನ್ಮಾರ್ಕ್ ಅದನ್ನು ನಿಷೇಧಿಸಿತು. ಗರ್ಭಿಣಿಯರಿಗೆ, ಥೈರಾಯ್ಡ್ ಚಿಕಿತ್ಸೆಯಲ್ಲಿರುವವರಿಗೆ ಅದು ಸಲ್ಲದು.

ಅಳತೆಯ ಎಚ್ಚರವನ್ನು ಹೇಳಲು ಆಧುನಿಕ ಪ್ರಯೋಗಾಲಯಗಳೇ ಬೇಕಾಗಿರಲಿಲ್ಲ. ಹಿಪ್ಪಲಿಯನ್ನು ರಸಾಯನವೆಂದು ಕೊಂಡಾಡುವ ಚರಕನೇ, ಅತಿಯಾಗಿ ಬಳಸಬಾರದ ಮೂರು ದ್ರವ್ಯಗಳಲ್ಲಿ ಕ್ಷಾರ ಮತ್ತು ಉಪ್ಪಿನೊಡನೆ ಅದನ್ನೂ ಹೆಸರಿಸುತ್ತಾನೆ. ರಸಾಯನವಾಗಿ ಕೊಡುವಾಗಲೂ ಮೊದಲ ದಿನ ಹತ್ತು, ಪ್ರತಿದಿನ ಹತ್ತರಂತೆ ಏರಿಸಿ, ಹತ್ತನೆಯ ದಿನದಿಂದ ಇಳಿಸಿ, ಒಟ್ಟು ಸಾವಿರಕ್ಕೆ ನಿಲ್ಲಿಸಬೇಕೆಂಬ ಲೆಕ್ಕ. ಹಿಪ್ಪಲಿ, ಮೆಣಸುಗಳ ಖಾರದ ಸತ್ತ್ವವಾದ ಪೈಪರಿನ್ ಬಗೆಗೆ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ಉಲ್ಲೇಖನೀಯ: ಎರಡು ಗ್ರಾಂ ಅರಿಸಿನದ ಕರ್ಕ್ಯುಮಿನ್ನೊಡನೆ ಕೇವಲ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ರಕ್ತಕ್ಕೆ ಸೇರಿದ ಕರ್ಕ್ಯುಮಿನ್ ಸುಮಾರು ಇಪ್ಪತ್ತು ಪಟ್ಟು ಹೆಚ್ಚಿತು. ಹಳೆಯ ಯೋಗಗಳಲ್ಲಿ ಹಿಪ್ಪಲಿ ಅಷ್ಟು ಸಲ ಬರುವುದೇಕೆಂಬುದಕ್ಕೆ ಇದೊಂದು ಉತ್ತರ. ಅದೇ ಗುಣ ಅಪಸ್ಮಾರದ ಫೆನಿಟೊಯಿನ್‌ನಂತಹ ಮಾತ್ರೆಗಳ ಪ್ರಮಾಣವನ್ನೂ ರಕ್ತದಲ್ಲಿ ಏರಿಸಬಲ್ಲದು. ಚೀನೀ ಯೋಗಗಳಲ್ಲಿ ಹೆಜ್ಜೆಹೆಜ್ಜೆಗೂ ಕಾಣುವ, ನಮ್ಮ ಗ್ರಂಥಿಗೆ ಅಂಗಡಿಗಳಲ್ಲೂ ಸುಲಭವಾಗಿ ದೊರೆಯುವ ಜ್ಯೇಷ್ಠಮಧುವನ್ನು ವಾರಗಟ್ಟಲೆ ಹೆಚ್ಚು ಸೇವಿಸಿದರೆ ರಕ್ತದೊತ್ತಡ ಏರಿ ಪೊಟ್ಯಾಸಿಯಂ ಇಳಿಯುತ್ತದೆ.

ಯಾರಿಗೆ, ಯಾವಾಗ ಎಂಬ ಪ್ರಶ್ನೆಗೆ ಎರಡೂ ಪರಂಪರೆಗಳು ಕೊಡುವ ಹೋಲಿಕೆಗಳು ಗಮನಿಸತಕ್ಕವು. ಶೋಧನವಾಗದ ದೇಹಕ್ಕೆ ಕೊಟ್ಟ ರಸಾಯನವು ಕೊಳೆಬಟ್ಟೆಗೆ ಹಾಕಿದ ಬಣ್ಣದಂತೆ ಹಿಡಿಯುವುದಿಲ್ಲವೆಂದು ಸುಶ್ರುತನ ಅಭಿಪ್ರಾಯ. ಹೊರಗಿನಿಂದ ಬಂದ ಜ್ವರವಿನ್ನೂ ಮೈಯಲ್ಲಿರುವಾಗ ಬಲವರ್ಧಕ ಕೊಡುವುದು ಕಳ್ಳ ಒಳಗಿರುವಾಗಲೇ ಬಾಗಿಲಿಗೆ ಅಗುಳಿ ಹಾಕಿದಂತೆ ಎನ್ನುತ್ತಾರೆ ಚೀನೀ ವೈದ್ಯರು. ಅಳಲೆಯನ್ನು ಅಷ್ಟು ಹೊಗಳಿದ ಚರಕನು ಅಜೀರ್ಣದವರು, ಒಣ ಆಹಾರ ಉಣ್ಣುವವರು, ಹಸಿವು ಬಾಯಾರಿಕೆ ಬಿಸಿಲುಗಳಿಂದ ಬಳಲಿದವರು ಅದನ್ನು ಸೇವಿಸಬಾರದೆಂದು ಪಟ್ಟಿ ಕೊಡುತ್ತಾನೆ. ಬಯಲುಸೀಮೆಯಲ್ಲಿ ಮಧ್ಯಾಹ್ನದವರೆಗೆ ಹೊಲದಲ್ಲಿ ದುಡಿದು ಬಂದವನು ಈ ಪಟ್ಟಿಯೊಳಗೇ ಬರುತ್ತಾನೆಂಬುದನ್ನು ಜಾಹೀರಾತುಗಳು ಹೇಳುವುದಿಲ್ಲ.

ಮೂಲಿಕೆಗಳ ಬೇಡಿಕೆ ಏರಿದಂತೆ ಅವು ಬರುವ ನೆಲದ ಮೇಲಿನ ಒತ್ತಡವೂ ಏರಿದೆ. ನೆಲ್ಲಿಯ ಹಣ್ಣನ್ನು ಕೊಯ್ದರೆ ಮರ ಉಳಿಯುತ್ತದೆ, ಅಮೃತಬಳ್ಳಿಯ ಕಾಂಡ ಕಡಿದರೆ ಮತ್ತೆ ಚಿಗುರುತ್ತದೆ. ಬೇರಿನ ಮದ್ದಿನಲ್ಲಿ ಗಿಡವೇ ಹೋಗುತ್ತದೆ. ಉಪ್ಪಿನಕಾಯಿಗೂ ಔಷಧಕ್ಕೂ ಅಗೆದು ಅಗೆದು ಮಾಗಳಿ ಬೇರು ಅಳಿವಿನಂಚಿನ ಸಸ್ಯಗಳ ಪಟ್ಟಿ ಸೇರಿದೆ. ಚೀನಾದಲ್ಲಿ ಕಾಡು ಜಿನ್‌ಸೆಂಗ್‌ಗೆ ಒದಗಿದ ಗತಿಯೂ ಅದೇ. ಇಂದು ಮಾರುಕಟ್ಟೆಗೆ ಬರುವುದು ಬಹುಪಾಲು ಬೆಳೆದ ಬೇರು. ಬೆಂಗಳೂರಿನಲ್ಲಿ 1993ರಲ್ಲಿ ಸ್ಥಾಪಿತವಾದ ಸ್ಥಳೀಯ ಸ್ವಾಸ್ಥ್ಯ ಪರಂಪರೆಗಳ ಪುನಶ್ಚೇತನ ಪ್ರತಿಷ್ಠಾನವು ಅರಣ್ಯ ಇಲಾಖೆಯೊಡಗೂಡಿ ಸಾವನದುರ್ಗ, ದೇವರಾಯನದುರ್ಗ, ಆಗುಂಬೆ ಮೊದಲಾದೆಡೆ ಔಷಧಿ ಸಸ್ಯಗಳನ್ನು ಅವುಗಳ ನೆಲೆಯಲ್ಲೇ ಕಾಪಾಡುವ ಕ್ಷೇತ್ರಗಳನ್ನು ಗುರುತಿಸಿತು. ಕುರುಚಲು ಗುಡ್ಡ, ಗೋಮಾಳ, ಬೇಲಿಬದಿಗಳ ಗಿಡಗಳಿಗೆ ಅಂತಹ ರಕ್ಷಣೆ ದೊರೆಯುವುದು ಕಷ್ಟ. ಬೇಲಿ ಕಿತ್ತು ಕಲ್ಲುಕಂಬ ನೆಟ್ಟ ದಿನ ಅಲ್ಲಿಯ ಶತಾವರಿಯೂ ಹೋಗುತ್ತದೆ.

ಅಶ್ವಗಂಧಕ್ಕೆ ಈ ಕಷ್ಟವಿಲ್ಲ; ಅದು ಬೇಸಾಯಕ್ಕೆ ಒಗ್ಗಿದ ಗಿಡ. ಮಧ್ಯಪ್ರದೇಶದ ನೀಮಚ್, ಮಂದಸೌರ್ ಸೀಮೆಯ ರೈತರು ಇದನ್ನು ಮಳೆಯಾಶ್ರಯದ ಬೆಳೆಯಾಗಿ ಬಹುಕಾಲದಿಂದ ಬೆಳೆಯುತ್ತಿದ್ದಾರೆ. ಮುಂಗಾರಿನ ಕೊನೆಯಲ್ಲಿ ಬಿತ್ತಿ, ಐದಾರು ತಿಂಗಳಿಗೆ ಎಲೆ ಒಣಗಿ ಹಣ್ಣು ಕೆಂಪಾದಾಗ ಬೇರುಸಹಿತ ಕಿತ್ತು, ಬೇರನ್ನು ಕತ್ತರಿಸಿ ಒಣಗಿಸುತ್ತಾರೆ. ಮಣ್ಣು ಹಗುರವಾಗಿರಬೇಕು, ನೀರು ನಿಲ್ಲಬಾರದು. ಎಲೆ ಕಡ್ಡಿಗಳನ್ನೂ ಬೇರಿನೊಡನೆ ಬೆರೆಸಿ ಪುಡಿ ಮಾಡುವ ಚಾಳಿ ಬೆಳೆದಾಗ, 2021ರ ಅಕ್ಟೋಬರಿನಲ್ಲಿ ಆಯುಷ್ ಸಚಿವಾಲಯವು ಎಲೆಯನ್ನು ಬಳಸಕೂಡದೆಂದು ತಯಾರಕರಿಗೆ ಸೂಚಿಸಿತು. ಶಾಸ್ತ್ರದಲ್ಲಿ ರಸಾಯನವೆನಿಸಿದ್ದು ಬೇರು, ಎಲೆಯಲ್ಲಿ ಜೀವಕೋಶಗಳಿಗೆ ಹಾನಿಕರವಾದ ವಿಥಾಫೆರಿನ್ ಅಂಶ ಬೇರಿಗಿಂತ ಹೆಚ್ಚು. ಕೊಳ್ಳುವವರು ಪುಡಿಯ ಬದಲು ಇಡಿಯ ಬೇರನ್ನೇ ಕೇಳಿ ಪಡೆಯುವುದು ಸುಲಭದ ಪರೀಕ್ಷೆ. ಒಳ್ಳೆಯ ಬೇರು ಹೊರಗೆ ತಿಳಿಕಂದು, ಒಳಗೆ ಕೆನೆಬಿಳುಪು. ಮುರಿದರೆ ನಾರೆಳೆಯದೆ ಚಟ್ಟನೆ ಮುರಿಯುತ್ತದೆ.